ಕಟ್ಟಡ ಕಂಪನಿ ಆರಂಭಿಸುವವರಿಗೆ: ಮೌಲ್ಯಗಳನ್ನು ಸೈಟಿನ ನಿಯಮಗಳಾಗಿ ಮಾಡುವ ಬಗೆ

ತುಮಕೂರಿನ ವಸಂತನರಸಾಪುರ, ಕೋಲಾರದ ನರಸಾಪುರ ಮತ್ತು ವೇಮಗಲ್, ಚಿಕ್ಕಬಳ್ಳಾಪುರ ಜಿಲ್ಲೆಯ ಗೌರಿಬಿದನೂರು: ಈ ಕೈಗಾರಿಕಾ ಪ್ರದೇಶಗಳ ಸುತ್ತ ಬಡಾವಣೆಗಳು ಏಳುತ್ತಿವೆ, ಅವುಗಳ ಜೊತೆ ಸಣ್ಣ ನಿರ್ಮಾಣ ಸಂಸ್ಥೆಗಳೂ ಹುಟ್ಟುತ್ತಿವೆ. ಹೆಚ್ಚಿನವರ ಕಚೇರಿಯ ಗೋಡೆಯ ಮೇಲೆ ಗುಣಮಟ್ಟ, ಪ್ರಾಮಾಣಿಕತೆ, ಸುರಕ್ಷತೆ ಎಂಬ ಮೂರು ಮಾತು ಇರುತ್ತವೆ. ಮೋಲ್ಡ್ (ತಾರಸಿಯ ಕಾಂಕ್ರೀಟು) ಹಾಕುವ ದಿನ ಸಂಜೆ ನಾಲ್ಕಕ್ಕೆ, ಇನ್ನೂ ಮೂವತ್ತು ಚೀಲ ಸಿಮೆಂಟು ಬಾಕಿ ಇರುವಾಗ ಕಾಂಕ್ರೀಟನ್ನು ಅದುರಿಸಿ ಗಟ್ಟಿಯಾಗಿ ಕೂರಿಸುವ ವೈಬ್ರೇಟರ್ ಕೆಟ್ಟರೆ ಏನು ಮಾಡಬೇಕು ಎಂಬುದನ್ನು ಆ ಬೋರ್ಡು ಹೇಳುವುದಿಲ್ಲ. ಕಂಪನಿಯ ಮೌಲ್ಯ ಯಾವುದೆಂದು ತಿಳಿಯುವುದು ಅಂಥ ಹೊತ್ತಿನಲ್ಲಿ.

ಆದ್ದರಿಂದ ಪ್ರತಿಯೊಂದು ಮೌಲ್ಯಕ್ಕೂ ನಾಲ್ಕನ್ನು ಮೊದಲೇ ಗೊತ್ತು ಮಾಡಬೇಕು: ಒಂದು ಅಳತೆ, ಒಬ್ಬ ಹೊಣೆಗಾರ, ಅದಕ್ಕೆಂದೇ ತೆಗೆದಿಟ್ಟ ಹಣ, ಕೆಲಸ ನಿಲ್ಲಿಸುವ ಅಧಿಕಾರ. ನಾಲ್ಕರಲ್ಲಿ ಒಂದು ಇಲ್ಲದಿದ್ದರೂ ಆ ಮೌಲ್ಯ ಸೈಟಿಗೆ ಇಳಿಯುವುದಿಲ್ಲ. ಈ ಮಾರ್ಗದರ್ಶಿ ಆ ನಾಲ್ಕನ್ನೂ ಹೇಗೆ ಕೂಡಿಸಬೇಕು ಎನ್ನುವುದರ ಬಗ್ಗೆ.

ನೋಂದಣಿಗೆ ಮೊದಲು ಪಾಲುದಾರರು ಕೂತು ಬರೆಯಬೇಕಾದ್ದು

ಇಬ್ಬರು ಮೂವರು ಸ್ನೇಹಿತರು ಸೇರಿ ಸಂಸ್ಥೆ ತೆರೆಯುವುದೇ ನಮ್ಮ ಕಡೆ ಹೆಚ್ಚು. ಪಾಲುದಾರಿಕೆ, ಸೀಮಿತ ಹೊಣೆಯ ಪಾಲುದಾರಿಕೆಯಾದ ಎಲ್‌ಎಲ್‌ಪಿ, ಪ್ರೈವೇಟ್ ಲಿಮಿಟೆಡ್ ಯಾವುದನ್ನೇ ಆರಿಸಿ, ಬಾಯಿಮಾತಿನಲ್ಲಿ ಮಾತ್ರ ಶುರು ಮಾಡಬೇಡಿ. ಪಾಲುದಾರಿಕೆಯಾದರೆ ಪತ್ರ ಬರೆದು ನೋಂದಾಯಿಸಿ. 1932ರ ಪಾಲುದಾರಿಕೆ ಕಾಯ್ದೆಯ ಪ್ರಕಾರ ನೋಂದಣಿಯಾಗದ ಸಂಸ್ಥೆ ಒಪ್ಪಂದದ ಹಣ ಬರಲಿಲ್ಲವೆಂದು ಗ್ರಾಹಕನ ಮೇಲೆ ದಾವೆ ಹೂಡಲಾಗದು. ಪಾನ್, ಜಿಎಸ್‌ಟಿ, ಉದ್ಯಮ್ ನೋಂದಣಿಗಳನ್ನು ಲೆಕ್ಕಪರಿಶೋಧಕರು ಕೆಲವೇ ದಿನಗಳಲ್ಲಿ ಮುಗಿಸಿಕೊಡುತ್ತಾರೆ; ಅವುಗಳ ಬಗ್ಗೆ ಹೆಚ್ಚು ತಲೆಕೆಡಿಸಿಕೊಳ್ಳಬೇಕಿಲ್ಲ. ಸಾಮಾನು ಸಮೇತ ಗುತ್ತಿಗೆಗೆ ಸಾಮಾನ್ಯವಾಗಿ ಶೇ. 18 ಜಿಎಸ್‌ಟಿ ಬೀಳುತ್ತದೆ. ಅದು ದರದ ಒಳಗೋ ಹೊರಗೋ ಎಂಬುದನ್ನು ಮೊದಲ ಭೇಟಿಯಲ್ಲೇ ಗ್ರಾಹಕರಿಗೆ ಹೇಳಬೇಕು.

ತಲೆಕೆಡಿಸಿಕೊಳ್ಳಬೇಕಾದದ್ದು ಪತ್ರದಲ್ಲಿ ಯಾರೂ ಬರೆಯದ ಮೂರು ಕರಾರುಗಳ ಬಗ್ಗೆ. ಮೊದಲನೆಯದು, ಕೆಲಸ ನಿಲ್ಲಿಸುವ ಅಧಿಕಾರ ಯಾರದು, ಅವರ ಮಾತನ್ನು ಮೀರಬೇಕಾದರೆ ಎಷ್ಟು ಜನರ ಸಹಿ ಬೇಕು. ಎರಡನೆಯದು, ಒಬ್ಬ ಪಾಲುದಾರ ತಿಂಗಳಿಗೆ ಎಷ್ಟು ಹಣ ತೆಗೆದುಕೊಳ್ಳಬಹುದು, ಯಾವ ಖಾತೆಯಿಂದ. ಮೂರನೆಯದು, ಎಂಥ ಕೆಲಸವನ್ನು ಒಪ್ಪಿಕೊಳ್ಳುವುದಿಲ್ಲ: ಖಾತೆ, ಭೂ ಪರಿವರ್ತನೆ ಸರಿಯಿಲ್ಲದ ಜಾಗ, ರಾಜಕಾಲುವೆಯ ಮೇಲೆ ಅಥವಾ ಕೆರೆಯಂಗಳದಲ್ಲಿ ಬರುವ ಕಟ್ಟಡ, ಎರಡಂತಸ್ತಿಗೆ ನಕ್ಷೆ ಮಾಡಿಸಿ ನಾಲ್ಕು ಕೇಳುವ ಮಾಲೀಕ. ಈ ಪಟ್ಟಿ ಬರೆದಿಡದಿದ್ದರೆ ಕೆಲಸವಿಲ್ಲದ ತಿಂಗಳಲ್ಲಿ ಯಾವುದೂ ತಪ್ಪೆನಿಸುವುದಿಲ್ಲ.

ಮಾತನ್ನು ನಿಯಮವಾಗಿ ತಿದ್ದುವುದು

ನಾಲ್ಕೈದಕ್ಕಿಂತ ಹೆಚ್ಚು ಮೌಲ್ಯ ಬೇಡ. ಒಂದೊಂದನ್ನೂ ಮೇಸ್ತ್ರಿಗೆ ಓದಿ ಹೇಳಿದರೆ ಅರ್ಥವಾಗುವ ಹಾಗೆ ಬರೆಯಿರಿ. ‘ಗುಣಮಟ್ಟದಲ್ಲಿ ರಾಜಿ ಇಲ್ಲ’ ಎಂದು ಬರೆದರೆ ಯಾರಿಗೂ ಏನೂ ತಿಳಿಯುವುದಿಲ್ಲ. ‘ತಪಾಸಣೆ ಪಟ್ಟಿಗೆ ಸೈಟ್ ಇಂಜಿನಿಯರ್ ಸಹಿ ಬೀಳುವವರೆಗೆ ಮಿಕ್ಸರ್ ಚಾಲೂ ಮಾಡಕೂಡದು; ಸಹಿ ತಡೆದದ್ದರಿಂದ ಆಗುವ ಆ ದಿನದ ಕೂಲಿ ನಷ್ಟ ಕಂಪನಿಯದು’ ಎಂದು ಬರೆದರೆ ಅಳತೆ, ಹೊಣೆಗಾರ, ಅಧಿಕಾರ ಮೂರೂ ಬಂದವು.

ನಾಲ್ಕನೆಯದಾದ ಹಣವನ್ನು ಪ್ರತಿ ಗುತ್ತಿಗೆಯಿಂದ ಶೇ. 1ರಷ್ಟು ಮೊದಲೇ ಬೇರೆ ತೆಗೆದಿಡಿ. ಉದಾಹರಣೆಗೆ ಹನ್ನೆರಡು ಚದರದ (1,200 ಚದರಡಿ) ಮನೆ, ಅಡಿಗೆ 2,000 ರೂಪಾಯಿಯಂತೆ 24 ಲಕ್ಷದ ಗುತ್ತಿಗೆ ಎಂದಿಟ್ಟುಕೊಳ್ಳಿ: ಅದರಲ್ಲಿ 24,000. ಮೋಲ್ಡ್ ಹಾಕಲು ಬಂದ ಇಪ್ಪತ್ತು ಇಪ್ಪತ್ತೈದು ಜನರ ತಂಡವನ್ನು ಒಂದು ದಿನ ಸುಮ್ಮನೆ ಕೂರಿಸಿದರೆ ಆಗುವ ಖರ್ಚನ್ನು ಈ ಮೊತ್ತ ಹೊರುತ್ತದೆ. ಇಂಥ ಹಣ ಇಲ್ಲದಿದ್ದಾಗ ಎಷ್ಟೇ ಓದಿದ ಇಂಜಿನಿಯರ್ ಆದರೂ ‘ಇರಲಿ, ಹಾಕಿಬಿಡಿ’ ಎನ್ನುತ್ತಾನೆ. ಕೆಲಸ ನಿಲ್ಲಿಸಿದರೆ ಆಗುವ ನಷ್ಟ ಆ ಕ್ಷಣ ಕಣ್ಣೆದುರಿಗಿರುತ್ತದೆ. ಕೆಟ್ಟ ಮೋಲ್ಡಿನ ನಷ್ಟ ಮೂರು ಮಳೆಗಾಲ ಕಳೆದು ಕಾಣುತ್ತದೆ.

ಅಂದಾಜು ಪಟ್ಟಿಯಲ್ಲಿ ಪ್ರಾಮಾಣಿಕತೆ

ನಮ್ಮ ಜಿಲ್ಲೆಗಳಲ್ಲಿ ಮನೆ ಕೆಲಸವೆಂದರೆ ಚದರದ ಲೆಕ್ಕ. ಜಗಳದ ಬೇರೂ ಅಲ್ಲೇ. ಬಾಲ್ಕನಿ ಪೂರ್ತಿ ಲೆಕ್ಕವೋ ಅರ್ಧವೋ, ಮೆಟ್ಟಿಲ ಮೇಲಿನ ಹೆಡ್‌ರೂಂ ಸೇರುತ್ತದೋ, ಸಜ್ಜಾ ಹೇಗೆ, ಪೋರ್ಟಿಕೋ ಹೇಗೆ: ನಕ್ಷೆಯ ಮೇಲೆಯೇ ಬಣ್ಣದ ಪೆನ್ನಿನಲ್ಲಿ ಗುರುತು ಹಾಕಿ ಇಬ್ಬರೂ ಸಹಿ ಮಾಡಬೇಕು. ದರದಲ್ಲಿ ಸೇರದೇ ಇರುವುದರ ಪಟ್ಟಿ ಸೇರಿದ್ದರ ಪಟ್ಟಿಗಿಂತ ಮುಖ್ಯ. ಸಂಪು, ಕಾಂಪೌಂಡು, ಓವರ್‌ಹೆಡ್ ಟ್ಯಾಂಕು, ಶೌಚದ ಗುಂಡಿ, ಬೋರ್‌ವೆಲ್, ಬೆಸ್ಕಾಂ ಸಂಪರ್ಕ, ಪಂಚಾಯಿತಿ ಅಥವಾ ಪ್ರಾಧಿಕಾರದ ಶುಲ್ಕ, ಮೂರಡಿಗಿಂತ ಆಳವಾದ ಪಾಯ, ಬಂಡೆ ಒಡೆಯುವ ಖರ್ಚು ಇವನ್ನು ಒಂದೊಂದಾಗಿ ಬರೆಯಿರಿ. ಚಿಕ್ಕಬಳ್ಳಾಪುರ, ಕೋಲಾರದ ಕಡೆ ಎರಡಡಿ ಅಗೆದಾಗಲೇ ಗುಂಡು ಸಿಗುವುದು ಸಾಮಾನ್ಯ. ಅದನ್ನು ಮೊದಲೇ ಹೇಳದೆ ಆಮೇಲೆ ಬಿಲ್ಲಿನಲ್ಲಿ ಹಾಕಿದರೆ ಗ್ರಾಹಕರಿಗೆ ಮೋಸವೆನಿಸುತ್ತದೆ, ಹಾಗೆನಿಸಿದರೆ ತಪ್ಪು ಅವರದಲ್ಲ.

ಪಾಯದ ಆಳವನ್ನು ಊಹೆಯಿಂದ ಬರೆಯಬೇಡಿ. ಒಪ್ಪಂದಕ್ಕೆ ಮೊದಲು ಸೈಟಿನ ಎರಡು ಮೂಲೆಯಲ್ಲಿ ಐದಾರು ಅಡಿಯ ಗುಂಡಿ ತೆಗೆಸಿ. ಕೆಮ್ಮಣ್ಣು, ಅದರ ಕೆಳಗೆ ಗಟ್ಟಿ ಗರಸು ಬಂದರೆ ಸೈಜುಗಲ್ಲಿನ ಪಾಯವೋ ಕಾಲಂ ಫುಟಿಂಗೋ ನೆಮ್ಮದಿಯಿಂದ ಕೂರುತ್ತದೆ. ಹಿಂದೆ ಕೆರೆಯ ಅಚ್ಚುಕಟ್ಟಿನಲ್ಲಿದ್ದ ತರಿ ಜಮೀನು ಬಡಾವಣೆಯಾಗಿದ್ದರೆ ಕಪ್ಪು ಗೋಡುಮಣ್ಣು ಸಿಗುತ್ತದೆ. ಒಣಗಿದಾಗ ಅದು ಬಿರಿಯುತ್ತದೆ, ನೆನೆದಾಗ ಉಬ್ಬುತ್ತದೆ. ಅದರ ಮೇಲೆ ಕಟ್ಟಿದ ಗೋಡೆಗೆ ಎರಡನೇ ವರ್ಷ ಕಿಟಕಿಯ ಮೂಲೆಯಿಂದ ಓರೆ ಬಿರುಕು ಬೀಳುತ್ತದೆ. ಬಡಾವಣೆಯವರು ತಗ್ಗಿಗೆ ಸುರಿದು ಸಮ ಮಾಡಿದ ಮಣ್ಣು ಇನ್ನೂ ಕೆಟ್ಟದ್ದು. ಮೂಲ ನೆಲ ಸಿಗುವವರೆಗೆ ಅಗೆಯಲೇಬೇಕು. ಕೆಲಸ ಕೈತಪ್ಪಬಹುದೆಂದು ಈ ಖರ್ಚನ್ನು ಅಂದಾಜಿನಲ್ಲಿ ಮುಚ್ಚಿಡುವವರೇ ಆಮೇಲೆ ಕಂಬಿಯಲ್ಲಿ, ಸಿಮೆಂಟಿನಲ್ಲಿ ಅದನ್ನು ಹಿಂಪಡೆಯಲು ನೋಡುತ್ತಾರೆ.

ಗ್ರಾಹಕರ ಹಣ, ಬೇರೆ ಖಾತೆ

ಹೊಸ ಕಂಪನಿಗಳನ್ನು ಮುಳುಗಿಸುವುದು ನಷ್ಟಕ್ಕಿಂತ ಹೆಚ್ಚಾಗಿ ಹಣದ ಕಲಸುಮೇಲೋಗರ. ಕ್ಯಾತ್ಸಂದ್ರದ ಮನೆಗೆ ಬಂದ ಮುಂಗಡದಲ್ಲಿ ಗುಬ್ಬಿಯ ಮನೆಯ ಕಂಬಿ ಬಾಕಿ ತೀರುತ್ತದೆ, ಅದನ್ನು ತುಂಬಲು ಶಿರಾದಲ್ಲಿ ಮೂರನೇ ಕೆಲಸ ಕಡಿಮೆ ದರಕ್ಕೆ ಒಪ್ಪಿಕೊಳ್ಳಬೇಕಾಗುತ್ತದೆ. ನಾಲ್ಕನೆಯವರು ಮುಂಗಡ ಕೊಡುವುದು ಒಂದು ತಿಂಗಳು ತಡವಾದರೆ ಮೂರೂ ಕಡೆ ಕೆಲಸ ನಿಲ್ಲುತ್ತದೆ. ಇದರಲ್ಲಿ ಯಾರೂ ಕದ್ದಿರಬೇಕಿಲ್ಲ. ಒಂದೇ ಖಾತೆ ಇದ್ದರೆ ಸಾಕು.

ಪ್ರತಿ ಸೈಟಿಗೆ ಒಂದು ಬ್ಯಾಂಕ್ ಖಾತೆ ತೆರೆಯಿರಿ. 2016ರ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ) ಕಾಯ್ದೆ ಅದರ ವ್ಯಾಪ್ತಿಗೆ ಬರುವ ಯೋಜನೆಗಳಿಗೆ ಕೊಳ್ಳುವವರ ಹಣದ ಶೇ. 70ನ್ನು ಪ್ರತ್ಯೇಕ ಖಾತೆಯಲ್ಲಿಡಬೇಕು ಎನ್ನುತ್ತದೆ. ಬಿಡಿ ಮನೆ ಕಟ್ಟುವವರಿಗೆ ಆ ನಿಯಮ ತಾಕದಿದ್ದರೂ ಅದರ ಹಿಂದಿನ ವಿವೇಕ ತಾಕುತ್ತದೆ. ಕಂಪನಿಯ ಲಾಭ, ಮೇಲ್ವಿಚಾರಣೆ ವೆಚ್ಚವನ್ನು ಆಯಾ ಹಂತ ಮುಗಿದ ಮೇಲೆ ಮಾತ್ರ ಸೈಟ್ ಖಾತೆಯಿಂದ ಕಂಪನಿ ಖಾತೆಗೆ ವರ್ಗಾಯಿಸಿ.

ಕಂತುಗಳನ್ನು ತಿಂಗಳಿಗಲ್ಲ, ಮುಗಿದ ಕೆಲಸಕ್ಕೆ ಕಟ್ಟಿ. ಒಪ್ಪಂದದ ದಿನ ಶೇ. 10, ಪ್ಲಿಂತ್ (ಮನೆಯ ನೆಲಮಟ್ಟದವರೆಗಿನ ಪಾಯ) ಮುಗಿದಾಗ 15, ಬಾಗಿಲು ಕಿಟಕಿಯ ಮೇಲಿನ ಲಿಂಟಲ್‌ಗೆ 15, ಮೋಲ್ಡ್‌ಗೆ 25, ಗಾರೆ, ಪೈಪು, ವೈರಿಂಗ್‌ಗೆ 15, ಟೈಲ್ಸ್ ಬಾಗಿಲಿಗೆ 10, ಬಣ್ಣಕ್ಕೆ 5. ಉಳಿದ 5 ಒಂದು ಮಳೆಗಾಲ ಕಳೆದು ಸೋರಿಕೆ ಇಲ್ಲವೆಂದು ಗೊತ್ತಾದ ಮೇಲೆ. ಆ ಕೊನೆಯ ಕಂತನ್ನು ಗ್ರಾಹಕರು ಕೇಳದಿದ್ದರೂ ನೀವೇ ಬರೆಯಿರಿ. ಮನೆಯ ಮೇಲೆ ನಿಮಗಿರುವ ಭರವಸೆಯನ್ನು ಅದಕ್ಕಿಂತ ಚೆನ್ನಾಗಿ ತೋರಿಸುವ ಬೇರೆ ಮಾತಿಲ್ಲ.

ಕೆಲಸದ ನಡುವೆ ಗ್ರಾಹಕರು ಬದಲಾವಣೆ ಕೇಳಿದರೆ, ‘ಗೋಡೆ ಒಂದಡಿ ಆ ಕಡೆ ಹಾಕಿ’ ಎನ್ನುವಷ್ಟು ಸಣ್ಣದಾದರೂ, ಆ ದಿನವೇ ಅದರ ಬೆಲೆ ಬರೆದು ಸಹಿ ಪಡೆಯಿರಿ. ಕೊನೆಯಲ್ಲಿ ಒಟ್ಟಾಗಿ ಕೇಳಿದ ಹೆಚ್ಚುವರಿ ಬಿಲ್ಲನ್ನು ಸಮಾಧಾನದಿಂದ ಕೊಡುವವರು ಅಪರೂಪ.

ಸಾಮಾನು: ತೂಕ, ತಾರೀಕು, ಕಮಿಷನ್

ಖರೀದಿಯಲ್ಲಿ ಮೊದಲ ನಿಯಮ, ಅಂಗಡಿಯಿಂದ ಯಾರೂ ಕಮಿಷನ್ ತೆಗೆದುಕೊಳ್ಳಕೂಡದು, ಪಾಲುದಾರರೂ ಸೇರಿ. ರಿಯಾಯಿತಿ ಸಿಕ್ಕರೆ ಬಿಲ್ಲಿನಲ್ಲೇ ಕಾಣಬೇಕು. ಕಮಿಷನ್ ಪಡೆದವರು ಕಳಪೆ ಲೋಡನ್ನು ವಾಪಸು ಕಳಿಸಲಾರರು. ಕೇಡು ಇರುವುದು ಅಲ್ಲಿ.

ಕಂಬಿಯನ್ನು ತುಂಡಿನ ಲೆಕ್ಕದಲ್ಲಿ ಅಲ್ಲ, ತೂಕದ ಲೆಕ್ಕದಲ್ಲಿ ಕೊಂಡು ಸೈಟಿನಲ್ಲಿ ತುಂಡು ಎಣಿಸಿ ತಾಳೆ ನೋಡಿ. ಸೂತ್ರ ಸುಲಭ: ಕಂಬಿಯ ದಪ್ಪವನ್ನು ಮಿಲಿಮೀಟರಿನಲ್ಲಿ ಅದರಿಂದಲೇ ಗುಣಿಸಿ 162ರಿಂದ ಭಾಗಿಸಿದರೆ ಒಂದು ಮೀಟರಿನ ಕೆ.ಜಿ. ತೂಕ. 8 ಮಿ.ಮೀ. ಕಂಬಿ 0.395, 10 ಮಿ.ಮೀ. 0.617, 12 ಮಿ.ಮೀ. 0.888, 16 ಮಿ.ಮೀ. 1.58. ಭಾರತೀಯ ಮಾನಕ ಐಎಸ್ 1786 ಪ್ರಕಾರ 10 ಮಿ.ಮೀ.ವರೆಗೆ ಶೇ. 7, 12ರಿಂದ 16ರವರೆಗೆ ಶೇ. 5 ಏರಿಳಿತಕ್ಕೆ ಮಾತ್ರ ಅವಕಾಶ. 12 ಮೀಟರ್ ಉದ್ದದ 8 ಮಿ.ಮೀ. ಕಂಬಿ 4.74 ಕೆ.ಜಿ. ಇರಬೇಕು. 4.4ಕ್ಕಿಂತ ಕಡಿಮೆ ತೂಗಿದರೆ ಲಾರಿಯಿಂದ ಇಳಿಸಬೇಡಿ. ತೆಳು ಕಂಬಿಯನ್ನು ತುಂಡಿನ ಲೆಕ್ಕದಲ್ಲಿ ಕೊಂಡವರಿಗೆ ಹಣವೂ ನಷ್ಟ, ಮೋಲ್ಡಿನ ಬಲವೂ ನಷ್ಟ.

ಸಿಮೆಂಟ್ ಚೀಲದ ಮೇಲೆ ತಯಾರಾದ ವಾರ ಮತ್ತು ವರ್ಷ ಮುದ್ರಿಸಿರುತ್ತಾರೆ, ಅದನ್ನು ಓದಿ. ಮೂರು ತಿಂಗಳು ದಾಟಿದ್ದನ್ನು ಪರೀಕ್ಷೆ ಮಾಡಿಸದೆ ಕಾಂಕ್ರೀಟಿಗೆ ಬಳಸಬೇಡಿ. ನೆಲದಿಂದ ಎತ್ತರಿಸಿದ ಹಲಗೆಯ ಮೇಲೆ, ಗೋಡೆಗೆ ತಾಗದಂತೆ, ಹತ್ತು ಚೀಲಕ್ಕಿಂತ ಎತ್ತರ ಪೇರಿಸದೆ ಇಡಿ.

ಎಂ-ಸ್ಯಾಂಡ್ (ಕಲ್ಲು ಪುಡಿ ಮಾಡಿ ತಯಾರಿಸಿದ ಮರಳು) ಹೆಸರಿನಲ್ಲಿ ಕ್ರಷರ್ ದೂಳು ಬರುವುದು ನಮ್ಮ ಕಡೆಯ ದೊಡ್ಡ ತೊಂದರೆ. ಎಂ-ಸ್ಯಾಂಡನ್ನು ತೊಳೆದು, ಕಣದ ಗಾತ್ರ ಹೊಂದಿಸಿ ಮಾಡಿರುತ್ತಾರೆ. ದೂಳು ಬರೀ ಜಲ್ಲಿ ಒಡೆದ ಉಳಿಕೆ. ಹಿಟ್ಟಿನಂಥ ಪುಡಿ ಹೆಚ್ಚಿದ್ದಷ್ಟೂ ಅದು ನೀರು ಕುಡಿಯುತ್ತದೆ, ಮೇಸ್ತ್ರಿ ಮತ್ತೆ ನೀರು ಸುರಿಯುತ್ತಾನೆ, ಕಾಂಕ್ರೀಟು ಬಲ ಕಳೆದುಕೊಳ್ಳುತ್ತದೆ. ಕ್ರಷರಿನಿಂದ ಜರಡಿ ಪರೀಕ್ಷೆಯ ವರದಿ ಕೇಳಿ, ಐಎಸ್ 383ಕ್ಕೆ ಹೊಂದುತ್ತದೋ ಎಂದು ನೋಡಿ, ಆ ನಂತರ ಪ್ರತಿ ಲೋಡನ್ನೂ ಕೈಯಲ್ಲಿ ಉಜ್ಜಿ ನೋಡಿ. ತೇವವಿರುವ ಮರಳು ಶೇ. 20ರಿಂದ 30ರಷ್ಟು ಉಬ್ಬಿರುತ್ತದೆ ಎಂಬುದನ್ನೂ ಮರೆಯಬಾರದು: ಬಾಂಡ್ಲಿಯ ಲೆಕ್ಕದಲ್ಲಿ ಬೆರೆಸಿದರೆ ಮರಳು ಕಡಿಮೆ ಬಿದ್ದು ಕಾಂಕ್ರೀಟಿನಲ್ಲಿ ಜೇನುಗೂಡು (ಗೂಡಿನಂಥ ತೂತುಗಳು) ಏಳುತ್ತದೆ.

ಮೋಲ್ಡ್ ಹಾಕುವ ದಿನ

ಕಂಪನಿಯ ನಿಯಮಗಳೆಲ್ಲ ಒಂದೇ ದಿನ ಪರೀಕ್ಷೆಗೆ ಬೀಳುವುದು ಇಲ್ಲಿ, ಆದ್ದರಿಂದ ಇದನ್ನು ವಿವರವಾಗಿಯೇ ಹೇಳಬೇಕು.

ಹಿಂದಿನ ದಿನ ಮಧ್ಯಾಹ್ನ ಇಂಜಿನಿಯರ್ ಸೆಂಟ್ರಿಂಗ್ (ಕಾಂಕ್ರೀಟು ಗಟ್ಟಿಯಾಗುವವರೆಗೆ ಹೊರುವ ತಗಡು, ಆಸರೆಗಳು) ಮೇಲೆ ನಡೆದು ನೋಡಬೇಕು. ಬೆಳಿಗ್ಗೆ ಜನ ಬಂದ ಮೇಲೆ ನೋಡಿದರೆ ತಿದ್ದಲು ಸಮಯವಿರುವುದಿಲ್ಲ, ಸಹಿ ಬರೀ ಶಾಸ್ತ್ರವಾಗುತ್ತದೆ. ಜಾಕಿ ಅಥವಾ ಸರ್ವೆ ಮರದ ಬುಡ ಹಸಿ ಮಣ್ಣಿನ ಮೇಲಿದ್ದರೆ ಕೆಳಗೆ ಹಲಗೆ ಕೊಡಿಸಿ. ಕಂಬಿಯನ್ನು ತಗಡಿನಿಂದ ಎತ್ತಿ ಹಿಡಿಯುವ ಕವರ್ ಬ್ಲಾಕ್ ಸ್ಲ್ಯಾಬಿಗೆ 20 ಮಿ.ಮೀ., ಬೀಮಿಗೆ 25ರಿಂದ 30, ಕಾಲಂಗೆ 40, ಫುಟಿಂಗ್‌ಗೆ 50. ಕವರ್ ಬ್ಲಾಕ್ ಬದಲು ಜಲ್ಲಿ ಕಲ್ಲೋ ಟೈಲ್ಸ್ ಚೂರೋ ಇಟ್ಟಿದ್ದರೆ ತೆಗೆಸಿ. ಕಾಲಿಟ್ಟೊಡನೆ ಅದು ಜಾರಿ, ಕಂಬಿ ತಗಡಿಗೆ ಅಂಟಿ, ಕೆಲವೇ ವರ್ಷಗಳಲ್ಲಿ ತುಕ್ಕು ಹಿಡಿದು ಮೋಲ್ಡಿನ ಚಕ್ಕೆ ಉದುರುತ್ತದೆ. ಬಾಲ್ಕನಿಯಂಥ ಚಾಚು ಸ್ಲ್ಯಾಬಿನಲ್ಲಿ ಮುಖ್ಯ ಕಂಬಿ ಮೇಲ್ಗಡೆ ಇರಬೇಕು, ತುಳಿದು ಕೆಳಗಿಳಿಯದಂತೆ ಅದಕ್ಕೆ ಕುರ್ಚಿ ಕೊಟ್ಟಿರಬೇಕು. ಎಂ20 ಕಾಂಕ್ರೀಟಿನಲ್ಲಿ (28 ದಿನಕ್ಕೆ ಚದರ ಮಿ.ಮೀ.ಗೆ 20 ನ್ಯೂಟನ್ ತಾಳುವ ದರ್ಜೆ) ಎಫ್‌ಇ500 ದರ್ಜೆಯ ಕಂಬಿಗೆ ಎಳೆತ ಬೀಳುವ ಕಡೆ ಜೋಡಣೆಯ ಉದ್ದ ಕಂಬಿಯ ದಪ್ಪದ ಸುಮಾರು 57 ಪಟ್ಟು: 12 ಮಿ.ಮೀ. ಕಂಬಿಗೆ 68 ಸೆಂ.ಮೀ. ರೂಢಿಯಲ್ಲಿ ಕೊಡುವ ಒಂದೂವರೆ ಅಡಿ ಸಾಲದು. ಎಲ್ಲಾ ಜೋಡಣೆ ಒಂದೇ ಸಾಲಿನಲ್ಲಿ ಬಾರದಂತೆ ನೋಡಿ. ಇವೆಲ್ಲದರ ಫೋಟೋ ತೆಗೆದು ಕಡತದಲ್ಲಿಡಿ.

ಅಗತ್ಯದ ಲೆಕ್ಕ ಹೀಗೆ: 1,200 ಚದರಡಿ ಎಂದರೆ 111.5 ಚದರ ಮೀಟರ್. ಐದಿಂಚು ದಪ್ಪಕ್ಕೆ, ಬೀಮುಗಳನ್ನು ಬಿಟ್ಟು, ಸುಮಾರು 14 ಘನ ಮೀಟರ್ ಕಾಂಕ್ರೀಟು. 1:1.5:3 (ಸಿಮೆಂಟು, ಮರಳು, ಜಲ್ಲಿ) ಮಿಶ್ರಣದಲ್ಲಿ ಘನ ಮೀಟರಿಗೆ ಎಂಟು ಚೀಲದಂತೆ 112 ಚೀಲ ಸಿಮೆಂಟು. ಅದಕ್ಕೆ ಹತ್ತು ಚೀಲ ಹೆಚ್ಚಾಗಿ, ಎರಡು ವೈಬ್ರೇಟರ್, ಎರಡು ನೀಡಲ್, ಮಳೆ ಬಂದರೆ ಹೊದಿಸಲು ಟಾರ್ಪಾಲು ಸೈಟಿಗೆ ಬರುವವರೆಗೆ ಕೆಲಸ ಆರಂಭಿಸಬೇಡಿ. ಮಿಕ್ಸರ್ ನಡುವೆ ಕೈಕೊಟ್ಟರೆ ಎಲ್ಲಿ ನಿಲ್ಲಿಸಬೇಕು ಎಂಬ ಗೆರೆಯನ್ನು ವಿನ್ಯಾಸ ಮಾಡಿದ ಇಂಜಿನಿಯರ್ ನಕ್ಷೆಯಲ್ಲಿ ಮೊದಲೇ ಎಳೆದಿರಬೇಕು. ಸಾಮಾನ್ಯವಾಗಿ ಅದು ಅಂಕಣದ ನಡುಭಾಗದಲ್ಲಿ ಬರುತ್ತದೆ, ಬೀಮಿನ ಪಕ್ಕದಲ್ಲಿ ಅಲ್ಲ.

ನೀರಿನ ವಿಷಯದಲ್ಲಿ ಮಾತ್ರ ಕಣ್ಣು ಮಿಟುಕಿಸಬಾರದು. ಐಎಸ್ 456 ಪ್ರಕಾರ ಸೌಮ್ಯ ವಾತಾವರಣದ ಎಂ20ಕ್ಕೆ ನೀರು ಮತ್ತು ಸಿಮೆಂಟಿನ ಅನುಪಾತ 0.55 ಮೀರಬಾರದು, ಅಂದರೆ 50 ಕೆ.ಜಿ. ಚೀಲಕ್ಕೆ 27.5 ಲೀಟರ್. ಮರಳಿನ ತೇವವೂ ಅದರಲ್ಲೇ ಸೇರಿದೆ. ಗುರುತು ಹಾಕಿದ ಬಕೆಟ್ ಮಾತ್ರ ಬಳಸಿ, ಪೈಪನ್ನು ಮಿಕ್ಸರ್ ಹತ್ತಿರ ಬಿಡಬೇಡಿ. ಬಿಸಿಲೇರಿದಂತೆ ಕಾಂಕ್ರೀಟು ಬಿಗಿಯಾಗುತ್ತದೆ, ‘ಓಡುತ್ತಿಲ್ಲ ಸಾರ್, ಸ್ವಲ್ಪ ನೀರು ಬಿಡಿ’ ಎಂಬ ಕೂಗು ಬರುತ್ತದೆ. ಮೇಸ್ತ್ರಿಯ ತೊಂದರೆ ನಿಜವಾದದ್ದೇ, ಅವನನ್ನು ಗದರಿಸಿ ಪ್ರಯೋಜನವಿಲ್ಲ. ನೀರು ಹೆಚ್ಚಿಸದೆ ಕಾಂಕ್ರೀಟನ್ನು ಸಡಿಲಿಸುವ ಪ್ಲಾಸ್ಟಿಸೈಸರ್ ಡಬ್ಬ ಮೊದಲೇ ತರಿಸಿಟ್ಟು, ತಯಾರಕರು ಹೇಳಿದ ಪ್ರಮಾಣದಲ್ಲಿ ಹಾಕಿ. ಸ್ಲಂಪ್ (ಶಂಕುವಿನಚ್ಚು ತೆಗೆದಾಗ ಹಸಿ ಕಾಂಕ್ರೀಟು ಕುಸಿಯುವ ಎತ್ತರ) 50ರಿಂದ 100 ಮಿ.ಮೀ. ಒಳಗಿರಲಿ. ಕಾಲಂ ಒಳಗೆ ಕಾಂಕ್ರೀಟನ್ನು 1.5 ಮೀಟರಿಗಿಂತ ಎತ್ತರದಿಂದ ಸುರಿಯಬೇಡಿ, ಜಲ್ಲಿ ಬೇರೆ ಗಾರೆ ಬೇರೆ ಆಗಿ ಬುಡದಲ್ಲಿ ಜೇನುಗೂಡು ಕೂರುತ್ತದೆ.

6ರಿಂದ 15 ಘನ ಮೀಟರ್ ಕಾಂಕ್ರೀಟಿಗೆ ಎರಡು ಮಾದರಿ, ಮಾದರಿಗೆ ಮೂರರಂತೆ ಆರು ಕ್ಯೂಬ್ (ಒಡೆದು ಬಲ ನೋಡುವ ಕಾಂಕ್ರೀಟು ಘನಗಳು) 28 ದಿನದ ಪರೀಕ್ಷೆಗೆ. 7 ದಿನದ ಸುಳಿವು ಬೇಕಿದ್ದರೆ ಇನ್ನೂ ಮೂರು ತುಂಬಿಸಿ. ಹತ್ತಿರದ ಇಂಜಿನಿಯರಿಂಗ್ ಕಾಲೇಜಿನ ಸಿವಿಲ್ ವಿಭಾಗದಲ್ಲೋ ಖಾಸಗಿ ಪ್ರಯೋಗಾಲಯದಲ್ಲೋ ಒಡೆಸಿ. 150 ಮಿ.ಮೀ. ಕ್ಯೂಬಿನ ಮುಖ 22,500 ಚದರ ಮಿ.ಮೀ., ಆದ್ದರಿಂದ ಎಂ20 ಎನ್ನಿಸಿಕೊಳ್ಳಲು ಯಂತ್ರ 450 ಕಿಲೋನ್ಯೂಟನ್ ಮುಟ್ಟಬೇಕು. ಕಡಿಮೆ ಬಂದರೆ ವರದಿಯನ್ನು ಗ್ರಾಹಕರಿಗೆ ತೋರಿಸಿ, ವಿನ್ಯಾಸಕಾರರನ್ನು ಕರೆಸಿ, ಕೋರ್ ಪರೀಕ್ಷೆಯೋ (ಕಟ್ಟಡದಿಂದಲೇ ಕೊರೆದು ತೆಗೆದ ತುಂಡಿನ ಪರೀಕ್ಷೆ) ಬಲವರ್ಧನೆಯೋ ಅವರು ಹೇಳಿದಂತೆ ಮಾಡಿ. ಸೈಟಿನ ಕಾಂಕ್ರೀಟಿನ ಬದಲು ಬೇರೆಯಾಗಿ ಚೆನ್ನಾಗಿ ಬೆರೆಸಿ ತುಂಬಿದ ‘ಒಳ್ಳೆಯ’ ಕ್ಯೂಬುಗಳನ್ನು ಪರೀಕ್ಷೆಗೆ ಕಳಿಸುವ ಅಭ್ಯಾಸ ಒಮ್ಮೆ ನುಸುಳಿದರೆ ಕಂಪನಿಯ ಯಾವ ಕಾಗದವನ್ನೂ ನಂಬುವಂತಿರುವುದಿಲ್ಲ.

ನೀರು ಕಟ್ಟುವುದಕ್ಕೆ ದುಡ್ಡು ಇಟ್ಟಿದ್ದೀರಾ?

ಬಯಲುಸೀಮೆಯಲ್ಲಿ ಮೊದಲು ಕಳ್ಳತನವಾಗುವುದು ಕ್ಯೂರಿಂಗ್, ಅಂದರೆ ಕಾಂಕ್ರೀಟನ್ನು ನೀರಿನಲ್ಲಿ ನೆನೆಸಿಡುವ ಕೆಲಸ. ಪಿಪಿಸಿ (ಹಾರುಬೂದಿಯಂಥ ಪುಡಿ ಬೆರೆಸಿದ) ಸಿಮೆಂಟಿಗೆ, ಒಣ ಹವೆಗೆ ಕನಿಷ್ಠ ಹತ್ತು ದಿನ ನೀರು ಬೇಕು. 111.5 ಚದರ ಮೀಟರ್ ಮೋಲ್ಡಿನ ಮೇಲೆ ಎರಡಿಂಚು ನೀರು ನಿಲ್ಲಿಸಲು ಸುಮಾರು 5,700 ಲೀಟರ್ ಬೇಕು, ಆರಿದ್ದನ್ನು ದಿನವೂ ತುಂಬಬೇಕು. ಮಾರ್ಚ್ ಏಪ್ರಿಲ್‌ನಲ್ಲಿ ಕೋಲಾರದ ಕಡೆ ಆ ನೀರು ಟ್ಯಾಂಕರಿನದೇ. ಅಂದಾಜಿನಲ್ಲಿ ಟ್ಯಾಂಕರ್ ಖರ್ಚಿಗೆ ಬೇರೆ ಸಾಲು ಇಲ್ಲದಿದ್ದರೆ ನಾಲ್ಕನೇ ದಿನಕ್ಕೆ ಮೋಲ್ಡ್ ಒಣಗಿರುತ್ತದೆ. ನೀರು ನಿಜಕ್ಕೂ ಸಿಗದ ಕಡೆ ಒದ್ದೆ ಗೋಣಿತಾಟಿನ ಮೇಲೆ ಪ್ಲಾಸ್ಟಿಕ್ ಹಾಳೆ ಹೊದಿಸಿದರೆ ಅರ್ಧಕ್ಕಿಂತ ಕಡಿಮೆ ನೀರಿನಲ್ಲಿ ಕೆಲಸ ನಡೆಯುತ್ತದೆ. ಕಾಲಂಗಳಿಗೂ ಗೋಣಿ ಸುತ್ತಿ. ಎಲ್ಲರೂ ಮರೆಯುವುದು ಅವನ್ನೇ.

ಆಳದ ಬೋರ್‌ವೆಲ್ ನೀರನ್ನು ಬಳಸುವ ಮೊದಲು ಪರೀಕ್ಷೆ ಮಾಡಿಸಿ: ಪಿಎಚ್ 6ಕ್ಕಿಂತ ಕಡಿಮೆ ಇರಬಾರದು, ಕಂಬಿ ಇರುವ ಕಾಂಕ್ರೀಟಿಗೆ ಕ್ಲೋರೈಡ್ ಲೀಟರಿಗೆ 500 ಮಿ.ಗ್ರಾಂ ದಾಟಬಾರದು. ಅದೇ ನೀರನ್ನು ಕೆಲಸಗಾರರು ಕುಡಿಯುತ್ತಾರೆ ಎಂಬುದನ್ನು ನೆನಪಿಡಿ. ಪಾವಗಡ, ಬಾಗೇಪಲ್ಲಿ, ಶ್ರೀನಿವಾಸಪುರದ ಕಡೆಗಳಲ್ಲಿ ಫ್ಲೋರೈಡ್ ತೊಂದರೆ ಇದೆ. ಕಾಂಕ್ರೀಟಿಗೆ ಯೋಗ್ಯವಾದ ನೀರೆಲ್ಲ ಕುಡಿಯಲು ಯೋಗ್ಯವಲ್ಲ. ಶುದ್ಧ ನೀರಿನ ಘಟಕದಿಂದ ದಿನವೂ ಕ್ಯಾನ್ ತರಿಸುವುದು ಸೈಟಿನ ಖರ್ಚಿನಲ್ಲಿ ಸೇರಲಿ.

ಸೆಂಟ್ರಿಂಗ್ ಬಿಚ್ಚುವ ಅವಸರಕ್ಕೂ ನಿಯಮ ಬೇಕು. ಸಾಮಾನ್ಯ ಸಿಮೆಂಟಿನಲ್ಲಿ 4.5 ಮೀಟರ್‌ವರೆಗಿನ ಸ್ಲ್ಯಾಬಿನ ಆಸರೆ ಕಂಬಗಳಿಗೆ 7 ದಿನ, ಅದಕ್ಕಿಂತ ಅಗಲಕ್ಕೆ 14. ಬೀಮು 6 ಮೀಟರ್‌ವರೆಗೆ 14, ಮೀರಿದರೆ 21. ಪಿಪಿಸಿ ನಿಧಾನವಾಗಿ ಬಲ ಪಡೆಯುವುದರಿಂದ ಇನ್ನೂ ಕೆಲವು ದಿನ ಸೇರಿಸಿ. ಸೆಂಟ್ರಿಂಗ್ ಸಾಮಾನಿನ ಬಾಡಿಗೆ ದಿನದ ಲೆಕ್ಕದಲ್ಲಿ ಓಡುವುದೇ ಅವಸರದ ಮೂಲ, ಆ ಬಾಡಿಗೆಯನ್ನೂ ಅಂದಾಜಿನಲ್ಲಿ ಪೂರ್ತಿ ದಿನಗಳಿಗೆ ಹಿಡಿದಿರಬೇಕು.

ಜೀವ ಮತ್ತು ಬಟವಾಡೆ

ಸುರಕ್ಷತೆಯೆಂದರೆ ಹೆಲ್ಮೆಟ್ ಎಂದಷ್ಟೇ ಹಲವರು ತಿಳಿದಿದ್ದಾರೆ. ಸಣ್ಣ ಸೈಟುಗಳಲ್ಲಿ ಜೀವ ಹೋಗುವುದು ಬೇರೆ ಕಡೆ. ಮುಚ್ಚಿದ ಸಂಪಿನೊಳಗೆ ಸೆಂಟ್ರಿಂಗ್ ಬಿಚ್ಚಲು ಇಳಿದವರು ಗಾಳಿಯಿಲ್ಲದೆ ಕುಸಿಯುತ್ತಾರೆ, ಎತ್ತಲು ಇಳಿದವರೂ ಹಾಗೆಯೇ. ನಿಯಮ: ಮುಚ್ಚಳ ತೆಗೆದು, ಬ್ಲೋವರಿನಿಂದ ಗಾಳಿ ಊದಿಸಿ, ಆಮ್ಲಜನಕ ಅಳೆಯುವ ಮೀಟರಿನಲ್ಲಿ ನೋಡಿ, ಸೊಂಟಕ್ಕೆ ಹಗ್ಗ ಕಟ್ಟಿದವರು ಮಾತ್ರ ಇಳಿಯಬೇಕು, ಮೇಲೆ ಇಬ್ಬರು ನಿಂತಿರಬೇಕು, ಒಳಗಿನವರು ಬಿದ್ದರೆ ಹಗ್ಗದಿಂದ ಎಳೆಯಬೇಕೇ ಹೊರತು ಇಳಿಯಬಾರದು. ಎರಡನೆಯದು ವಿದ್ಯುತ್ ತಂತಿ. 11 ಕೆ.ವಿ. ತಂತಿಗೆ ಕಟ್ಟಡದಿಂದ ಪಕ್ಕಕ್ಕೆ 1.2 ಮೀಟರ್, ಮೇಲಕ್ಕೆ 3.7 ಮೀಟರ್ ಅಂತರ ಬೇಕೇ ಬೇಕು. ಇಷ್ಟಿದ್ದರೂ 12 ಮೀಟರ್ ಉದ್ದದ ಕಂಬಿಯನ್ನು ಮೇಲಕ್ಕೆತ್ತುವಾಗ ಅದು ಸಾಲದು. ಕೆಳಗೇ ಕತ್ತರಿಸಿ ಏರಿಸಬೇಕು, ಅಥವಾ ಬೆಸ್ಕಾಂಗೆ ಬರೆದು ಲೈನ್ ಸರಿಸುವವರೆಗೆ ಕಾಯಬೇಕು. ಮೂರನೆಯದು, 1.5 ಮೀಟರಿಗಿಂತ ಆಳದ ಗುಂಡಿ: ಅಂಚಿಗೆ ಆಸರೆ ಕೊಡಿ ಇಲ್ಲವೇ ಇಳಿಜಾರು ಬಿಡಿ, ತೆಗೆದ ಮಣ್ಣನ್ನು ಅಂಚಿಗೇ ಪೇರಿಸಬೇಡಿ. ಕಟಿಂಗ್ ಮೆಷಿನ್, ವೈಬ್ರೇಟರ್ ಎಲ್ಲಕ್ಕೂ ಕರೆಂಟು ಸೋರಿದೊಡನೆ ತಾನೇ ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಇರುವ ಬೋರ್ಡಿನಿಂದಲೇ ಕರೆಂಟು.

ಬಟವಾಡೆ ಶನಿವಾರ ಸಂಜೆ ಐದರೊಳಗೆ ಆಗಬೇಕು. ರಾತ್ರಿ ಎಂಟಕ್ಕೆ ಹಣ ಕೊಟ್ಟರೆ ಭಾನುವಾರದ ಸಂತೆಗೆ, ಊರಿಗೆ ಕಳಿಸುವುದಕ್ಕೆ ಅಡಚಣೆ. ಮೇಸ್ತ್ರಿಯ ಕೈಗೆ ಒಟ್ಟು ಹಣ ಕೊಟ್ಟು ಹೊಣೆ ಮುಗಿಯಿತೆನ್ನಬೇಡಿ. ಹಾಜರಿ ಪುಸ್ತಕದಂತೆ ಪ್ರತಿಯೊಬ್ಬರ ಖಾತೆಗೆ ನೇರವಾಗಿ ಹಾಕಿ, ಮೇಸ್ತ್ರಿಗೆ ಅವನ ಪಾಲನ್ನು ಬೇರೆ ಕೊಡಿ. ಒಂದೇ ಕೆಲಸಕ್ಕೆ ಹೆಣ್ಣಾಳು, ಗಂಡಾಳು ಎಂದು ಎರಡು ಕೂಲಿ ಮಾಡುವುದು ಕಾನೂನಿಗೆ ವಿರುದ್ಧ, ನ್ಯಾಯಕ್ಕೂ ವಿರುದ್ಧ. 18ರಿಂದ 60 ವರ್ಷದೊಳಗಿನ, ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿನ ಕೆಲಸ ಮಾಡಿದ ಪ್ರತಿಯೊಬ್ಬರೂ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ಹೆಸರು ನೋಂದಾಯಿಸಬಹುದು. ಅದಕ್ಕೆ ಬೇಕಾದ 90 ದಿನದ ದೃಢೀಕರಣವನ್ನು ನಿಮ್ಮ ಸೈಟಿನಲ್ಲಿ ದುಡಿದವರಿಗೆ ಕೇಳುವ ಮೊದಲೇ ಬರೆದುಕೊಡಿ. ಕಟ್ಟಡದ ವೆಚ್ಚದ ಮೇಲೆ ಕಟ್ಟುವ ಶೇ. 1 ಸೆಸ್ ಹೋಗುವುದು ಅವರ ನಿಧಿಗೇ, ಅದನ್ನು ತಪ್ಪಿಸಲು ವೆಚ್ಚವನ್ನು ಕಡಿಮೆ ತೋರಿಸಬೇಡಿ. ಶೌಚಾಲಯ ಮೊದಲ ದಿನವೇ ಬೇಕು. ಹೆಂಗಸರು ಕೆಲಸ ಮಾಡುವ ಜಾಗದಲ್ಲಿ ಅದಕ್ಕೆ ಮುಂದೂಡಿಕೆ ಇಲ್ಲ.

ಟೆಂಡರ್ ಹಾಕುವಾಗ, ಮಣ್ಣು ಎಸೆಯುವಾಗ

ಸರ್ಕಾರಿ ಕೆಲಸಕ್ಕೆ ಹೋಗುವವರು 1999ರ ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಕಾಯ್ದೆಯನ್ನು ಒಮ್ಮೆ ಓದಿಕೊಳ್ಳಿ. ಬಿಲ್ಲಿನಲ್ಲಿ ಆದಾಯ ತೆರಿಗೆ ಕಡಿತ, ಎರಡೂವರೆ ಲಕ್ಷ ಮೀರಿದ ಗುತ್ತಿಗೆಗೆ ಶೇ. 2 ಜಿಎಸ್‌ಟಿ ಕಡಿತ, ಭದ್ರತಾ ಠೇವಣಿ, ಹಣ ಬರುವ ತಡ ಎಲ್ಲವನ್ನೂ ದರದಲ್ಲಿ ಹಿಡಿಯಿರಿ. ನಿಮ್ಮ ಸ್ವಂತ ಲೆಕ್ಕದ ಖರ್ಚಿಗಿಂತ ಕೆಳಗೆ ಟೆಂಡರ್ ಹಾಕುವುದಿಲ್ಲ ಎಂಬುದು ಬರೆದಿಟ್ಟ ನಿಯಮವಾಗಲಿ. ಖರ್ಚಿಗಿಂತ ಕೆಳಗಿನ ದರ ಎಂದರೆ ಯಾವುದೋ ಪದರ ತೆಳುವಾಗುತ್ತದೆ ಎಂದೇ ಅರ್ಥ.

ಅಗೆದ ಮಣ್ಣು, ಒಡೆದ ಗೋಡೆಯ ಚೂರು ರಾಜಕಾಲುವೆಗೆ ಬೀಳಬಾರದು. ಈ ಮೂರೂ ಜಿಲ್ಲೆ ಸರಪಳಿ ಕೆರೆಗಳನ್ನು ನಂಬಿವೆ; ಒಂದು ಕಾಲುವೆ ಮುಚ್ಚಿದರೆ ಕೆಳಗಿನ ಮೂರು ಕೆರೆಗೆ ನೀರು ಬರುವುದಿಲ್ಲ. ಟಿಪ್ಪರ್ ಚಾಲಕ ಎಲ್ಲಿ ಸುರಿದ ಎಂಬ ಫೋಟೋ ಇಲ್ಲದೆ ಟ್ರಿಪ್ ಹಣ ಕೊಡಬೇಡಿ. ಪ್ರತಿ ಮನೆಗೂ ಮಳೆನೀರು ಸಂಗ್ರಹಣೆ ಸೇರಿಸಿ: ವರ್ಷಕ್ಕೆ 700 ಮಿ.ಮೀ. ಮಳೆಯಾದರೂ ಹನ್ನೆರಡು ಚದರದ ತಾರಸಿಯಿಂದ, ವ್ಯರ್ಥವಾಗುವ ಐದರಲ್ಲೊಂದು ಭಾಗ ಕಳೆದು, ಸುಮಾರು 62,000 ಲೀಟರ್ ಹಿಡಿಯಬಹುದು.

ನಿಯಮ ಮುರಿದಾಗ

ತಿಂಗಳಿಗೊಮ್ಮೆ ಒಂದು ಗಂಟೆ ಪಾಲುದಾರರು, ಇಂಜಿನಿಯರುಗಳು, ಮೇಸ್ತ್ರಿಗಳು ಕೂರಬೇಕು. ಕೆಲಸ ನಿಲ್ಲಿಸಿದ ದಾಖಲೆ ಪುಸ್ತಕ ಮೊದಲು ತೆರೆಯಿರಿ. ಹಲವು ತಿಂಗಳು ಅದರಲ್ಲಿ ಒಂದೂ ಬರಹವಿಲ್ಲದಿದ್ದರೆ ಎಲ್ಲ ಸರಿಯಿದೆ ಎಂದಲ್ಲ, ನಿಲ್ಲಿಸಲು ಹೆದರುತ್ತಿದ್ದಾರೆ ಎಂದು ತಿಳಿಯಿರಿ. ನಿಲ್ಲಿಸಿದವರನ್ನು ತಡಕ್ಕೆ ಹೊಣೆ ಮಾಡಬೇಡಿ. ಮುಚ್ಚಿಟ್ಟವರನ್ನು ಮಾತ್ರ ಪ್ರಶ್ನಿಸಿ. ಪಾಲುದಾರರೇ ನಿಯಮ ಮುರಿದಿದ್ದರೆ ಅದೂ ಅದೇ ಪುಸ್ತಕದಲ್ಲಿ, ಅವರ ಹೆಸರಿನೊಂದಿಗೆ ಬರಬೇಕು. ವರ್ಷಕ್ಕೊಮ್ಮೆ ನಿಯಮಗಳನ್ನೇ ಪರಿಶೀಲಿಸಲು ಸೆಪ್ಟೆಂಬರ್ 15 ಒಳ್ಳೆಯ ದಿನ. 1861ರಲ್ಲಿ ಚಿಕ್ಕಬಳ್ಳಾಪುರದ ಮುದ್ದೇನಹಳ್ಳಿಯಲ್ಲಿ ಹುಟ್ಟಿದ ವಿಶ್ವೇಶ್ವರಯ್ಯನವರ ಪಟಕ್ಕೆ ಹಾರ ಹಾಕುವ ಕಚೇರಿಗಳು ಆ ದಿನ ಅಂದಾಜು ಪಟ್ಟಿ, ಕ್ಯೂಬ್ ವರದಿಗಳನ್ನೂ ಹೊರತೆಗೆಯಲಿ.

ಕೀ ಕೊಡುವ ದಿನ ಗ್ರಾಹಕರಿಗೆ ಒಂದು ಕಡತ ಕೊಡಿ: ಕಟ್ಟಿದ ಹಾಗಿರುವ ನಕ್ಷೆ, ಮೋಲ್ಡ್‌ಗೆ ಮೊದಲಿನ ಕಂಬಿಯ ಫೋಟೋಗಳು, ಗೋಡೆಯೊಳಗಿನ ಪೈಪು ಮತ್ತು ವೈರುಗಳ ಫೋಟೋ, ಕ್ಯೂಬ್ ಮತ್ತು ನೀರಿನ ವರದಿ, ಬಳಸಿದ ಬಣ್ಣದ ಸಂಖ್ಯೆ. ರೇರಾ ಯೋಜನೆಗಳಲ್ಲಿ ಕಟ್ಟಡದ ರಚನೆಯ ದೋಷಕ್ಕೆ ಐದು ವರ್ಷದ ಹೊಣೆ ಇದೆ. ಬಿಡಿ ಮನೆಗಳಿಗೂ ಅಷ್ಟೇ ವರ್ಷದ ಹೊಣೆಯನ್ನು ಒಪ್ಪಂದದಲ್ಲಿ ಬರೆದುಕೊಡಿ. ಮೊದಲ ಮುಂಗಾರು ಹಿಡಿದ ಮೇಲೆ, ಗ್ರಾಹಕರು ಫೋನ್ ಮಾಡುವ ಮೊದಲು ಇಂಜಿನಿಯರನ್ನು ಕಳಿಸಿ ತಾರಸಿಯ ಮೂಲೆ, ಪೈಪು ಹಾದ ಜಾಗ, ಕಿಟಕಿಯ ಕೆಳಅಂಚು, ಬಚ್ಚಲಿನ ಹೊರಗೋಡೆ ಈ ನಾಲ್ಕನ್ನು ನೋಡಿಸಿ, ಕಂಡದ್ದನ್ನು ಬರೆಸಿ, ಸರಿಪಡಿಸಿ, ಆ ನಂತರ ಕೊನೆಯ ಶೇ. 5 ಕಂತನ್ನು ಕೇಳಿ.